ಯಾವ ಊರಿನದೂ ಅಲ್ಲದ ಶಾಲೆ

ಇಂಟರ್‌ನ್ಯಾಷನಲ್ ಶಾಲೆ ಮೊದಲು ಹುಟ್ಟಿದ್ದು ಒಂದೂರಲ್ಲಿ ನಿಲ್ಲದವರಿಗಾಗಿ. ಮೊದಲ ಮಹಾಯುದ್ಧದ ನಂತರ ಜಿನೀವಾದಲ್ಲಿ ರಾಷ್ಟ್ರಸಂಘ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಬಂದವು. ಅವುಗಳಲ್ಲಿ ಕೆಲಸ ಮಾಡಲು ನಾನಾ ದೇಶಗಳಿಂದ ಬಂದವರ ಮಕ್ಕಳಿಗಾಗಿ 1924ರಲ್ಲಿ ಅಲ್ಲೊಂದು ಶಾಲೆ ತೆರೆದರು. ಅಪ್ಪ ಇವತ್ತು ಜಿನೀವಾದಲ್ಲಿ, ಮೂರು ವರ್ಷದ ಮೇಲೆ ಇನ್ನೆಲ್ಲೋ. ಹಾಗಿರುವಾಗ ಮಗುವಿನ ಓದು ಯಾವ ದೇಶದ ಪಠ್ಯಕ್ಕೆ ಅಂಟಿಕೊಳ್ಳಬೇಕು? ಈ ಪ್ರಶ್ನೆಗೆ ಪೂರ್ತಿ ಉತ್ತರ ಸಿಗಲು ನಲವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. 1968ರಲ್ಲಿ ಅದೇ ಜಿನೀವಾದಲ್ಲಿ ಇಂಟರ್‌ನ್ಯಾಷನಲ್ ಬಕಲಾರಿಯೇಟ್, ಅಂದರೆ ನಾವೆಲ್ಲ ಐಬಿ ಎಂದು ಕರೆಯುವ ಸಂಸ್ಥೆ ಶುರುವಾಯಿತು. ಯಾವ ದೇಶದ ವಿಶ್ವವಿದ್ಯಾಲಯದ ಬಾಗಿಲಲ್ಲೂ ತೋರಿಸಬಹುದಾದ ಒಂದು ಸರ್ಟಿಫಿಕೇಟ್ ಬೇಕಿತ್ತು, ಅದು ಸಿಕ್ಕಿತು.

ನಮ್ಮಲ್ಲೂ ಕಥೆ ಹೆಚ್ಚು ಬೇರೆಯಲ್ಲ. ಕೊಡೈಕೆನಾಲ್‌ನ ಬೆಟ್ಟದ ಮೇಲೆ 1901ರಲ್ಲಿ ಶುರುವಾದ ಶಾಲೆ ಅಮೆರಿಕನ್ ಮಿಷನರಿಗಳ ಮಕ್ಕಳಿಗೆ ಮೀಸಲಾಗಿತ್ತು. 1976ರಲ್ಲಿ ಅದೇ ಭಾರತದ ಮೊದಲ ಐಬಿ ಶಾಲೆಯಾಯಿತು. ಈ ಶಾಲೆಗಳ ಬಗ್ಗೆ ಯಾರಿಗೂ ನೈತಿಕ ತಕರಾರು ಇರಲಾರದು. ಹಡಗಿನಲ್ಲಿ ಹೋಗುವವನಿಗೆ ಹಡಗಿನ ಮೇಲೇ ಅಡುಗೆಮನೆ ಬೇಕಾಗುತ್ತದೆ, ಅಷ್ಟೆ.

ತಕರಾರು ಹುಟ್ಟುವುದು ದಡದ ಮೇಲಿರುವವರೂ ಹಡಗಿನ ಊಟಕ್ಕೆ ಸಾಲು ನಿಂತಾಗ. ಪುಣೆಯಲ್ಲಿ ಬಾಣೇರ್, ವಾಕಡ್, ಹಿಂಜವಡಿ ಸುತ್ತ ಒಂದು ಭಾನುವಾರ ತಿರುಗಿ ನೋಡಿ. ಇಂಟರ್‌ನ್ಯಾಷನಲ್ ಎಂಬ ಪದವಿಲ್ಲದ ಶಾಲೆಯ ಬೋರ್ಡು ಹುಡುಕಬೇಕಾಗುತ್ತದೆ. ಅವುಗಳಲ್ಲಿ ಹಲವು ಸಿಬಿಎಸ್‌ಇ ಪಾಠವನ್ನೇ ಹೇಳಿಕೊಡುತ್ತವೆ, ಇಂಟರ್‌ನ್ಯಾಷನಲ್ ಆಗಿರುವುದು ಈಜುಕೊಳ ಮಾತ್ರ. ಅವನ್ನು ಬಿಡೋಣ. ನಿಜವಾಗಿ ಕೇಂಬ್ರಿಜ್‌ನ ಐಜಿಸಿಎಸ್‌ಇ, ಐಬಿ ಡಿಪ್ಲೊಮಾ ನಡೆಸುವ ಶಾಲೆಗಳ ಓಪನ್ ಹೌಸ್‌ಗೆ ಹೋದರೂ ಕಾಣುವುದು ಇದೇ: ಮುಂದಿನ ಸಾಲಿನಲ್ಲಿ ಒಂದೆರಡು ಕೊರಿಯನ್ ಅಥವಾ ಜರ್ಮನ್ ಕುಟುಂಬ, ಅವರ ಹಿಂದೆ ಹಾಲು ತುಂಬುವಷ್ಟು ನಾವು. ನಾವು ಅಂದರೆ ಐಟಿಯವರು, ಡಾಕ್ಟರುಗಳು, ಬಿಲ್ಡರುಗಳು, ಅಮೆರಿಕದಿಂದ ಮರಳಿದವರು. ನನ್ನ ಮಗಳು ಎಂಟನೆಯ ಕ್ಲಾಸಿನಲ್ಲಿದ್ದಾಳೆ. ಆದ್ದರಿಂದ ಈ ಚಳಿಗಾಲ ಇಂಥ ನಾಲ್ಕು ಹಾಲುಗಳಲ್ಲಿ ಕೂತು ಬಂದಿದ್ದೇನೆ.

ನಮ್ಮ ಕಸುಬಿನವರಿಗೆ ಆಯ್ಕೆ ಎಂದರೆ ಎಕ್ಸೆಲ್ ಹಾಳೆ. ವೆಂಡರ್ ಆರಿಸುವಾಗ ಮಾಡುವಂತೆ ಎಡಕ್ಕೆ ಮಾನದಂಡಗಳು, ಪಕ್ಕದಲ್ಲಿ ತೂಕ, ಕೊನೆಗೆ ಒಟ್ಟು ಅಂಕ. ನನ್ನ ಟೀಮಿನ ಇಬ್ಬರು ತಮ್ಮ ಹಾಳೆಗಳನ್ನು ನನಗೆ ಕಳಿಸಿಕೊಟ್ಟರು. ಶಿಕ್ಷಕರ ಅನುಭವ, ಕ್ಲಾಸಿನಲ್ಲಿ ಎಷ್ಟು ಮಕ್ಕಳು, ಲ್ಯಾಬ್, ಕ್ರೀಡೆ, ಹಿಂದಿನ ವರ್ಷ ಮಕ್ಕಳು ಸೇರಿದ ಕಾಲೇಜುಗಳು, ಫೀ, ಬಸ್ಸಿನ ದೂರ. ಅಚ್ಚುಕಟ್ಟಾದ ಹಾಳೆಗಳೇ. ಆದರೆ ಎರಡರಲ್ಲೂ ಒಂದು ಸಾಲು ಇರಲಿಲ್ಲ: ಪಕ್ಕದ ಬೆಂಚಿನಲ್ಲಿ ಯಾರ ಮಗು ಕೂರುತ್ತದೆ? ಎಲ್ಲಕ್ಕಿಂತ ಹೆಚ್ಚು ತೂಕವಿರುವುದು ಅದಕ್ಕೇ ಎಂಬುದು ಚಹಾ ಕುಡಿಯುತ್ತಾ ಹತ್ತು ನಿಮಿಷ ಮಾತಾಡಿದರೆ ತಿಳಿಯುತ್ತದೆ. "ಕ್ರೌಡ್ ಚೆನ್ನಾಗಿದೆ" ಅನ್ನುತ್ತಾರೆ. "ಎಕ್ಸ್‌ಪೋಷರ್ ಸಿಗುತ್ತೆ" ಅನ್ನುತ್ತಾರೆ. ಆ ಎಕ್ಸ್‌ಪೋಷರ್‌ನಲ್ಲಿ ಸೋಲ್‌ನಿಂದ ಬಂದ ಹುಡುಗನಿಗೆ ಜಾಗವಿದೆ, ನಮ್ಮ ಸೊಸೈಟಿಯ ವಾಚ್‌ಮನ್‌ನ ಮಗನಿಗೆ ಇಲ್ಲ.

ಇದನ್ನು ಹೇಳಿದರೆ ಗೆಳೆಯರು ತಕ್ಷಣ ಕೇಳುವ ಪ್ರಶ್ನೆ: ತನ್ನ ಮಗುವಿಗೆ ಒಳ್ಳೆಯದನ್ನು ಬಯಸುವುದು ತಪ್ಪೇ? ತಪ್ಪಲ್ಲ. ಆದರೆ ಒಳ್ಳೆಯದು ಎಂಬ ಪದದೊಳಗೆ ಎರಡು ಬೇರೆ ವಸ್ತುಗಳಿವೆ. ನನ್ನ ಮಗು ಚೆನ್ನಾಗಿ ಈಜು ಕಲಿತರೆ ನಿಮ್ಮ ಮಗುವಿನ ಈಜು ಕಡಿಮೆಯಾಗುವುದಿಲ್ಲ. ಆದರೆ ಇನ್ನೊಂದು ಜಾತಿಯ ಒಳ್ಳೆಯದಿದೆ, ಅದರ ಬೆಲೆಯೆಲ್ಲ ಬೇರೆಯವರ ಬಳಿ ಅದು ಇಲ್ಲದಿರುವುದರಲ್ಲೇ ಇರುತ್ತದೆ. ಅರ್ಥಶಾಸ್ತ್ರಜ್ಞ ಫ್ರೆಡ್ ಹರ್ಷ್ 1976ರ ತನ್ನ ಪುಸ್ತಕದಲ್ಲಿ ಇವನ್ನು ಸ್ಥಾನಕ್ಕೆ ಸಂಬಂಧಿಸಿದ ಸರಕುಗಳೆಂದು ಕರೆದು, ಶಿಕ್ಷಣ ಹೇಗೆ ಇಂಥ ಸರಕಾಗುತ್ತದೆಂದು ವಿವರಿಸಿದ. ನಮ್ಮ ಕಡೆಯ ಜಾತ್ರೆಯನ್ನು ನೆನೆದರೆ ಸಾಕು. ತೇರು ಕಾಣಲಿ ಎಂದು ಅಪ್ಪ ಮಗುವನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಾನೆ. ಹಿಂದಿನವನೂ ಕೂರಿಸಿಕೊಳ್ಳುತ್ತಾನೆ, ಅವನ ಹಿಂದಿನವನೂ. ಕೊನೆಗೆ ಯಾವ ಮಗುವಿಗೂ ಮೊದಲಿಗಿಂತ ಹೆಚ್ಚೇನೂ ಕಾಣುವುದಿಲ್ಲ, ಅಪ್ಪಂದಿರ ಕುತ್ತಿಗೆ ನೋಯುತ್ತದೆ, ಹೆಗಲು ಸಿಗದ ಮಗುವಿಗೆ ತೇರೇ ಕಾಣುವುದಿಲ್ಲ.

ಇದೇ ವಿಷಯದ ಮೇಲೆ ಬ್ರಿಟನ್ನಿನ ಆಡಮ್ ಸ್ವಿಫ್ಟ್ 2003ರಲ್ಲಿ ಒಂದು ಪುಸ್ತಕವನ್ನೇ ಬರೆದ, ಶಾಲೆ ಆರಿಸುವಾಗ ಆತ್ಮಸಾಕ್ಷಿ ಚುಚ್ಚುವ ಪೋಷಕರಿಗಾಗಿ. ಮುಂದೆ ಹ್ಯಾರಿ ಬ್ರಿಗ್‌ಹೌಸ್ ಜೊತೆ ಸೇರಿ ಅವನು ಕಟ್ಟಿದ ವಾದ ನನಗೆ ಬಹಳ ದಿನ ತಲೆ ತಿಂದಿತು. ಮಲಗುವ ಹೊತ್ತಿನಲ್ಲಿ ಮಗುವಿಗೆ ಕಥೆ ಓದಿ ಹೇಳುವುದೂ ಮಗುವಿಗೆ ಅನುಕೂಲ ತಂದುಕೊಡುತ್ತದೆ, ದುಬಾರಿ ಶಾಲೆಯೂ ತಂದುಕೊಡುತ್ತದೆ. ಆದರೂ ಮೊದಲನೆಯದು ಸರಿ, ಎರಡನೆಯದಕ್ಕೆ ಅದೇ ಸಮರ್ಥನೆ ಸಿಗದು. ಏಕೆಂದರೆ ಕಥೆ ಹೇಳುವುದು ಅಪ್ಪ-ಅಮ್ಮ ಎಂಬ ಸಂಬಂಧದ ಒಳಗಿನ ವಸ್ತು, ಅದಿಲ್ಲದೆ ಆ ಸಂಬಂಧವೇ ಬಡವಾಗುತ್ತದೆ. ಶಾಲೆಯ ಫೀ ಕಟ್ಟುವುದು ಹಾಗಲ್ಲ.

ವಾದ ಗಟ್ಟಿಯಾಗಿದೆ. ಆದರೆ ಇದನ್ನು ಬರೆದವರು ತಮ್ಮ ಭಾಷೆಯ ನಾಡಿನಲ್ಲೇ ಇದ್ದು ಬರೆದಿದ್ದಾರೆ ಅನ್ನಿಸುತ್ತದೆ. ನಮ್ಮಂಥ ಹೊರನಾಡಿನವರ ಮನೆಯಲ್ಲಿ ಶಾಲೆ ಆ ಸಂಬಂಧದ ಹೊರಗೆ ನಿಲ್ಲುವುದಿಲ್ಲ. ಶಾಲೆ ಯಾವ ಭಾಷೆಯನ್ನು ಮಗುವಿನ ಬಾಯಿಯಲ್ಲಿ ಇಡುತ್ತದೋ ಅದರ ಮೇಲೆ ಮಲಗುವ ಹೊತ್ತಿನ ಕಥೆ ಉಳಿಯುತ್ತದೋ ಇಲ್ಲವೋ ನಿರ್ಧಾರವಾಗುತ್ತದೆ. ನನ್ನ ಮಗಳು ಆರನೆಯ ವರ್ಷಕ್ಕೆ, "ಅಪ್ಪಾ, ಈ ಕಥೆ ಇಂಗ್ಲಿಷಲ್ಲಿ ಹೇಳು, ಬೇಗ ಅರ್ಥ ಆಗತ್ತೆ" ಅಂದಿದ್ದಳು. ನಾನು ಹೇಳಲಿಲ್ಲ. ಅದು ಬೇರೆ ಜಗಳ.

ಇನ್ನು ಸ್ಥಳೀಯರು ಯಾರು ಎಂಬ ಪ್ರಶ್ನೆ. ಒಂದು ಅರ್ಜಿಯಲ್ಲಿ ಎರಡೇ ಚೌಕಗಳಿದ್ದವು, ಎಕ್ಸ್‌ಪಾಟ್ ಮತ್ತು ಲೋಕಲ್. ಹದಿನೈದು ವರ್ಷದಿಂದ ಪುಣೆಯಲ್ಲಿ ತೆರಿಗೆ ಕಟ್ಟುತ್ತಿದ್ದೇನೆ, ರಿಕ್ಷಾದವರ ಜೊತೆ ಮರಾಠಿಯಲ್ಲೇ ಚೌಕಾಶಿ ಮಾಡುತ್ತೇನೆ. ಆದರೂ ಲೋಕಲ್ ಅಂದಾಗ ಪಕ್ಕದ ಮನೆಯ ಆಜಿ ನಗುತ್ತಾರೆ. ಹಾಗಂತ ಎಕ್ಸ್‌ಪಾಟ್ ಅಂದುಕೊಳ್ಳಲು ನಮಗೆ ಹಕ್ಕಿಲ್ಲ. ನಮ್ಮ ಆಫೀಸಿನಲ್ಲೇ ಒಬ್ಬ ಜರ್ಮನ್ ಸಹೋದ್ಯೋಗಿ ಇದ್ದ, ಮೂರು ವರ್ಷದ ಒಪ್ಪಂದ. ಮಗನ ಶಾಲೆಯ ಫೀ ಕಂಪನಿಯದು. ಅವನಿಗೆ ಬೇರೆ ದಾರಿಯೂ ಇರಲಿಲ್ಲ, ಮುಂದಿನ ಪೋಸ್ಟಿಂಗ್ ಯಾವ ದೇಶವೋ ಗೊತ್ತಿಲ್ಲದಾಗ ಹುಡುಗನನ್ನು ಮಹಾರಾಷ್ಟ್ರ ಬೋರ್ಡಿಗೆ ಹಾಕುವುದು ಹುಚ್ಚು. ಆದರೆ ಅವನೇ ಒಮ್ಮೆ ಬೇಸರದಿಂದ ಹೇಳಿದ: ಮಗ ನಾಲ್ಕು ಊರಲ್ಲಿ ಬೆಳೆದಿದ್ದಾನೆ, ಒಂದೂರಲ್ಲೂ ಒಬ್ಬನೇ ಹೋಗಿ ತರಕಾರಿ ತರಲು ಬರುವುದಿಲ್ಲ. ಎಲ್ಲ ಊರಲ್ಲೂ ಅವನ ಗೆಳೆಯರ ಮನೆ ಒಂದೇ ಥರ ಕಾಣುತ್ತವೆ.

ಅದಕ್ಕೆ ಕಾರಣ ನಾವೇ ಎಂದು ನನಗನ್ನಿಸುತ್ತದೆ. ಅಂಥ ಮಗುವಿಗೆ ಈ ದೇಶ ಎಂದರೆ ಅದೇ ಶಾಲೆಗೆ ಬರುವ ಲೋಕಲ್ ಮಕ್ಕಳು. ನಾವು ನಮ್ಮ ಮಕ್ಕಳನ್ನು ಅಲ್ಲಿಗೆ ಕಳಿಸುವುದು ಊರಿನಿಂದ ಸ್ವಲ್ಪ ದೂರ ಇರಲಿ ಎಂದು. ಅತಿಥಿಗೆ ಊರು ತೋರಿಸಬೇಕಾದವನೇ ಊರು ಬಿಟ್ಟು ಅತಿಥಿಯ ಕೋಣೆಯಲ್ಲಿ ಸೇರಿಕೊಂಡ ಹಾಗೆ.

ಮರಳಿ ಬಂದವರ ವಿಷಯ ಬೇರೆ. ನ್ಯೂಜೆರ್ಸಿಯಲ್ಲಿ ಏಳನೆಯ ತರಗತಿವರೆಗೆ ಓದಿದ ಹುಡುಗಿಗೆ ದೇವನಾಗರಿ ಅಕ್ಷರವೇ ಗೊತ್ತಿಲ್ಲ. ಅವಳನ್ನು ಇಲ್ಲಿಯ ಸಾಮಾನ್ಯ ಶಾಲೆಯ ಎಂಟನೆಯ ತರಗತಿಗೆ ಹಾಕಿ ಹಿಂದಿ, ಮರಾಠಿ ಪೇಪರು ಬರೆಸಿದರೆ ಮಗು ಮುದುಡಿ ಹೋಗುತ್ತದೆ. ಇಂಥ ಕುಟುಂಬಗಳ ಅಗತ್ಯವನ್ನು ಐಷಾರಾಮ ಎಂದು ಕರೆಯುವುದು ಅನ್ಯಾಯ.

ಈಗ ನನ್ನನ್ನು ಹೆಚ್ಚು ಕಾಡಿದ ವಿಷಯಕ್ಕೆ ಬರುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಖಾಸಗಿ ಅನುದಾನರಹಿತ ಶಾಲೆಗಳು ಪ್ರವೇಶದ ತರಗತಿಯಲ್ಲಿ ಕನಿಷ್ಠ 25 ಶೇಕಡಾ ಸೀಟುಗಳನ್ನು ಸುತ್ತಲಿನ ಬಡ ಮತ್ತು ಹಿಂದುಳಿದ ಕುಟುಂಬಗಳ ಮಕ್ಕಳಿಗೆ ಉಚಿತವಾಗಿ ಕೊಡಬೇಕು. 2012ರಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು, ಅನುದಾನರಹಿತ ಅಲ್ಪಸಂಖ್ಯಾತ ಶಾಲೆಗಳಿಗೆ ಮಾತ್ರ ವಿನಾಯಿತಿ ಕೊಟ್ಟಿತು. 2024ರ ಫೆಬ್ರವರಿಯಲ್ಲಿ ಮಹಾರಾಷ್ಟ್ರ ಸರಕಾರ, ಒಂದು ಕಿಲೋಮೀಟರ್ ಒಳಗೆ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಈ ಸೀಟು ಕೊಡಬೇಕಿಲ್ಲ ಎಂದು ನಿಯಮ ತಿದ್ದಿತು. ನಗರದಲ್ಲಿ ಒಂದು ಕಿಲೋಮೀಟರ್ ಒಳಗೆ ಯಾವುದಾದರೂ ಅಂಥ ಶಾಲೆ ಇದ್ದೇ ಇರುತ್ತದೆ, ಅಂದರೆ ಬಾಗಿಲು ಮುಚ್ಚಿದ ಹಾಗೆಯೇ. ಅದೇ ಜುಲೈನಲ್ಲಿ ಬಾಂಬೆ ಹೈಕೋರ್ಟು ಆ ತಿದ್ದುಪಡಿಯನ್ನು ಹೊಡೆದು ಹಾಕಿತು.

ಇಷ್ಟು ಹೋರಾಟದ ನಂತರವೂ ಕಾಯಿದೆಯ ಹಕ್ಕು ನಿಲ್ಲುವುದು ಎಂಟನೆಯ ತರಗತಿಯಲ್ಲಿ. ಅದರ ವ್ಯಾಪ್ತಿ 6ರಿಂದ 14 ವರ್ಷ ಮಾತ್ರ. ಒಂಬತ್ತನೆಯ ತರಗತಿಗೆ ಬಂದರೆ ಆ ಮಗು ಪೂರ್ತಿ ಫೀ ಕಟ್ಟಬೇಕು, ಇಲ್ಲವೇ ಹೊರಡಬೇಕು. ಐಜಿಸಿಎಸ್‌ಇ ಎರಡು ವರ್ಷದ ಕೋರ್ಸು ಸಾಮಾನ್ಯವಾಗಿ ಶುರುವಾಗುವುದು ಒಂಬತ್ತರಲ್ಲಿ, ಐಬಿ ಡಿಪ್ಲೊಮಾ ಹನ್ನೊಂದರಲ್ಲಿ. ಅಂದರೆ ನಾವು ಇಂಟರ್‌ನ್ಯಾಷನಲ್ ಸೆಕೆಂಡರಿ ಎಂದು ಕರೆಯುವ ನಾಲ್ಕು ವರ್ಷಗಳು ಕಾನೂನು ಕೈಬಿಟ್ಟ ಜಾಗದಲ್ಲೇ ಶುರುವಾಗುತ್ತವೆ. ಎಂಟು ವರ್ಷ ಒಂದೇ ಡಬ್ಬಿಯಿಂದ ತಿಂದ ಮಕ್ಕಳಲ್ಲಿ ಒಬ್ಬಳು ಜೂನ್ ತಿಂಗಳಲ್ಲಿ ಬರುವುದಿಲ್ಲ. ಉಳಿದವರಿಗೆ ಅದೇ ವರ್ಷ ಗ್ಲೋಬಲ್ ಸಿಟಿಜನ್‌ಶಿಪ್ ಪಾಠ. ಆ ಪಾಠದಿಂದ ಅವರು ಏನು ಕಲಿಯುತ್ತಾರೋ ಹೇಳಲಾರೆ, ಖಾಲಿ ಬೆಂಚಿನಿಂದ ಏನೋ ಕಲಿಯುತ್ತಾರೆ.

ಹಾಗಾಗಿ ಓಪನ್ ಹೌಸ್‌ಗಳಲ್ಲಿ ನಾನು ಒಂದೇ ಪ್ರಶ್ನೆ ಕೇಳತೊಡಗಿದೆ: ಆರ್‌ಟಿಇ ಮಕ್ಕಳು ಎಂಟನೆಯ ತರಗತಿ ಮುಗಿಸಿ ಎಲ್ಲಿಗೆ ಹೋಗುತ್ತಾರೆ? ಒಂದು ಶಾಲೆಯ ಕೌನ್ಸೆಲರ್ ನಗುತ್ತಲೇ, "ಸರ್, ನಮ್ಮಲ್ಲಿ ಆ ಸಮಸ್ಯೆ ಇಲ್ಲ" ಅಂದರು. ಇನ್ನೊಂದರಲ್ಲಿ ಪ್ರಶ್ನೆಯನ್ನು ಬರೆದುಕೊಂಡು ಮೇಲ್ ಮಾಡುತ್ತೇವೆ ಅಂದರು, ಮೇಲ್ ಬರಲಿಲ್ಲ. ಪಕ್ಕದ ಕುರ್ಚಿಯವರು ನನ್ನನ್ನು ಪತ್ರಕರ್ತ ಅಂದುಕೊಂಡಿರಬೇಕು. ಮೂರನೆಯ ಕಡೆ ಪ್ರಿನ್ಸಿಪಾಲರು, ಸುಮಾರು ಅರವತ್ತರ ಹೆಣ್ಣುಮಗಳು, ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ಟ್ರಸ್ಟು ಹತ್ತನೆಯ ತರಗತಿವರೆಗೆ ಅವರ ಫೀ ಹೊರುತ್ತದೆ, ಈ ವರ್ಷ ನಾಲ್ವರಿದ್ದಾರೆ, ಹನ್ನೊಂದಕ್ಕೆ ಹಣ ಇನ್ನೂ ಕೂಡಿಲ್ಲ. ಎಕ್ಸೆಲ್ ಹಾಳೆಯಲ್ಲಿ ಈ ಉತ್ತರಕ್ಕೆ ಎಷ್ಟು ಅಂಕ ಎಂದು ಕೇಳಿದರೆ ನನಗೆ ತಿಳಿಯದು. ಉಳಿದೆಲ್ಲ ಸಾಲುಗಳಿಗಿಂತ ಶಾಲೆಯ ಸ್ವಭಾವ ನನಗೆ ತಿಳಿದದ್ದು ಅಲ್ಲಿಂದ.

ಈ ಮಾತಿಗೆ ನನ್ನ ಹೆಂಡತಿಯ ಉತ್ತರ ಬೇರೆ, ಅದನ್ನು ಪೂರ್ತಿಯಾಗಿ ಇಲ್ಲಿ ಬರೆಯದಿದ್ದರೆ ಅನ್ಯಾಯವಾಗುತ್ತದೆ. ಅವಳು ಹೇಳುವುದು: ನಮ್ಮ ಮಗಳು ಕ್ಲಾಸಿನಲ್ಲಿ "ಯಾಕೆ" ಎಂದು ಕೇಳುತ್ತಾಳೆ, ಈಗಿನ ಶಾಲೆಯಲ್ಲಿ ಅದು ಉದ್ಧಟತನ. ಐಬಿಯಲ್ಲಿ ಜ್ಞಾನ ಎಂದರೇನು, ಅದು ನಮಗೆ ಗೊತ್ತು ಎಂದು ಹೇಗೆ ಹೇಳುತ್ತೇವೆ ಎಂಬುದರ ಮೇಲೆಯೇ ಒಂದು ವಿಷಯವಿದೆ. ಮಗು ತಾನೇ ಪ್ರಶ್ನೆ ಆರಿಸಿಕೊಂಡು 4000 ಪದದ ಪ್ರಬಂಧ ಬರೆಯಬೇಕು. ಹದಿನೇಳರ ಹುಡುಗಿಗೆ ಯಾರಾದರೂ ಅಷ್ಟು ಗೌರವ ಕೊಟ್ಟು ಕೇಳುವುದು ನಮ್ಮ ಯಾವ ಬೋರ್ಡಿನಲ್ಲಿದೆ? ನೀವು ಸಮಾನತೆಯ ತತ್ತ್ವ ಮಾತಾಡುತ್ತೀರಿ, ಅದಕ್ಕೆ ಬೆಲೆ ಕಟ್ಟುವವಳು ಅವಳೇಕೆ?

ಇದು ಹಗುರವಾದ ಮಾತಲ್ಲ. ನಾನು ಎಂಟೆಕ್ ಮುಗಿಸುವವರೆಗೂ ನನ್ನನ್ನು ಯಾರೂ ನಿನ್ನ ಪ್ರಶ್ನೆ ಯಾವುದು ಎಂದು ಕೇಳಿರಲಿಲ್ಲ. ಹಾಗಾಗಿ ಗೆಳೆಯರಿಗೂ ನನಗೂ ಒಂದು ಪರೀಕ್ಷೆ ಇಟ್ಟುಕೊಂಡೆ. ನಾಳೆ ಎಲ್ಲ ವಿಶ್ವವಿದ್ಯಾಲಯಗಳೂ ಸೇರಿ ಈ ಶಾಲೆಗಳ ಸರ್ಟಿಫಿಕೇಟಿಗೆ ವಿಶೇಷ ಬೆಲೆಯಿಲ್ಲ ಎಂದು ಘೋಷಿಸಿದವು ಅಂದುಕೊಳ್ಳಿ. ಪಾಠ ಅದೇ, ಶಿಕ್ಷಕರು ಅವರೇ, ಫೀ ಅಷ್ಟೇ. ಆಗಲೂ ಸೇರಿಸುತ್ತೀರಾ? ಹೌದು ಅನ್ನುವವರು ಓದನ್ನು ಕೊಳ್ಳುತ್ತಿದ್ದಾರೆ. ಇಲ್ಲ ಅನ್ನುವವರು ಸಾಲಿನಲ್ಲಿ ಮುಂದಿನ ಜಾಗ ಕೊಳ್ಳುತ್ತಿದ್ದಾರೆ, ಅದು ಬೇರೆಯವರನ್ನು ಹಿಂದೆ ತಳ್ಳದೆ ಸಿಗುವ ವಸ್ತುವಲ್ಲ. ನಮ್ಮ ಗುಂಪಿನ ಆರು ಜನರಲ್ಲಿ ಹೌದು ಅಂದವಳು ನನ್ನ ಹೆಂಡತಿ ಒಬ್ಬಳೇ. ನಾನು ಅರ್ಧ ಹೌದು ಅಂದೆ. ಅರ್ಧ ಹೌದು ಅನ್ನುವುದಿಲ್ಲ, ಅದು ಇಲ್ಲ ಎಂದೇ ಲೆಕ್ಕ ಅಂದಳು.

ಎಲ್ಲ ಬಾಗಿಲುಗಳನ್ನೂ ತೆರೆದಿಡುತ್ತೇವೆ ಎಂಬುದು ಈ ಶಾಲೆಗಳ ದೊಡ್ಡ ಮಾತು. ಅಮೆರಿಕದ ಜೋಯಲ್ ಫೈನ್‌ಬರ್ಗ್ 1980ರಲ್ಲಿ ಒಂದು ಪ್ರಬಂಧ ಬರೆದು, ಮಗುವಿಗೆ ತೆರೆದ ಭವಿಷ್ಯದ ಹಕ್ಕಿದೆ, ಅದು ದೊಡ್ಡದಾಗಿ ತಾನೇ ಆರಿಸಿಕೊಳ್ಳಬೇಕಾದ್ದನ್ನು ಅಪ್ಪ-ಅಮ್ಮ ಮೊದಲೇ ಮುಚ್ಚಬಾರದು ಎಂದು ವಾದಿಸಿದ. ಮಕ್ಕಳನ್ನು ಎಂಟನೆಯ ತರಗತಿಗೇ ಶಾಲೆ ಬಿಡಿಸುವ ಆಮಿಶ್ ಪಂಗಡದ ಮೊಕದ್ದಮೆ ಅವನ ಕಣ್ಣೆದುರಿಗಿತ್ತು. ಮುಚ್ಚಿದ ಬಾಗಿಲು ಎಂದರೆ ಹಳ್ಳಿ, ಧರ್ಮ, ಹಳೆಯ ಕಸುಬು ಎಂದೇ ನಾವು ಓದಿಕೊಳ್ಳುತ್ತೇವೆ. ಆದರೆ ಹೊರಗಡೆಗೆ ತೆರೆದುಕೊಳ್ಳುವಾಗಲೂ ಬಾಗಿಲು ಮುಚ್ಚುತ್ತವೆ. ಐಬಿಯನ್ನು ಭಾರತೀಯ ವಿಶ್ವವಿದ್ಯಾಲಯಗಳು ಒಪ್ಪುತ್ತವೆ ನಿಜ, ಆದರೆ ಜೆಇಇ ನಡೆಯುವುದು ಎನ್‌ಸಿಇಆರ್‌ಟಿ ಪಠ್ಯದ ದಾರಿಯಲ್ಲಿ, ಮೇ ಪರೀಕ್ಷೆಯ ಐಬಿ ಫಲಿತಾಂಶ ಬರುವುದು ಜುಲೈಯಲ್ಲಿ. ಹದಿಮೂರನೆಯ ವಯಸ್ಸಿನಲ್ಲಿ ಈ ದಾರಿ ಹಿಡಿದ ಮಗು ವಿದೇಶಕ್ಕೆ ಹೋಗುತ್ತದೆ, ಇಲ್ಲವೇ ಇಲ್ಲಿಯ ಖಾಸಗಿ ವಿಶ್ವವಿದ್ಯಾಲಯಕ್ಕೆ. ಎರಡಕ್ಕೂ ಇನ್ನೊಂದು ಶಾಲೆಯಷ್ಟು ಹಣ ಬೇಕು.

ನಮ್ಮವರಿಗೆ ಇನ್ನೂ ಒಂದು ಸಣ್ಣ ಬಾಗಿಲಿದೆ. ಕರ್ನಾಟಕದ ವೃತ್ತಿಪರ ಕೋರ್ಸುಗಳ ಪ್ರವೇಶದಲ್ಲಿ ಹೊರನಾಡ ಕನ್ನಡಿಗರ ಮಕ್ಕಳಿಗೆ ಅವಕಾಶವಿದೆ, ಅದಕ್ಕೆ ಪರೀಕ್ಷಾ ಪ್ರಾಧಿಕಾರ ನಡೆಸುವ ಕನ್ನಡ ಪರೀಕ್ಷೆ ಪಾಸಾಗಬೇಕು. ಕನ್ನಡ ಓದಲು ಬರೆಯಲು ಬರುವ ಮಗುವಿಗೆ ಮಾತ್ರ ತೆರೆಯುವ ಬಾಗಿಲು. ಬಾಗಿಲುಗಳ ಲೆಕ್ಕ ಹಾಕುವ ಯಾವ ಕೌನ್ಸೆಲರೂ ಇದನ್ನು ಎಣಿಸುವುದಿಲ್ಲ, ನಾವೇ ಎಣಿಸುವುದಿಲ್ಲ.

ಆದರೆ ತಮಾಷೆಯ ಸಂಗತಿ ಇಲ್ಲಿದೆ. ಐಬಿ ಡಿಪ್ಲೊಮಾದಲ್ಲಿ ಮಗು ತನ್ನ ಮಾತೃಭಾಷೆಯ ಸಾಹಿತ್ಯವನ್ನು, ಶಾಲೆಯಲ್ಲಿ ಆ ಭಾಷೆಯ ಶಿಕ್ಷಕರಿಲ್ಲದಿದ್ದರೂ, ಸ್ವಂತವಾಗಿ ಓದಿ ಒಂದು ವಿಷಯವಾಗಿ ತೆಗೆದುಕೊಳ್ಳಬಹುದು. ಮಾಮೂಲು ಪಟ್ಟಿಯಲ್ಲಿ ಇಲ್ಲದ ಭಾಷೆಗೆ ಶಾಲೆ ಮುಂಚಿತವಾಗಿ ವಿಶೇಷ ವಿನಂತಿ ಸಲ್ಲಿಸಬೇಕು. ಎರಡು ವರ್ಷದಲ್ಲಿ ಒಂಬತ್ತು ಕೃತಿಗಳು. ಪುಣೆಯ ಸಾಧಾರಣ ಶಾಲೆಯಲ್ಲಿ ಕನಸಿನಲ್ಲೂ ಸಿಗದ ಕನ್ನಡ, ಊರೇ ಇಲ್ಲದ ಶಾಲೆಯ ನಿಯಮಪುಸ್ತಕದಲ್ಲಿ ಸಾಧ್ಯ. ನಾಲ್ಕೂ ಶಾಲೆಗಳಲ್ಲಿ ಇದನ್ನೂ ಕೇಳಿದೆ. ಮೂರು ಕಡೆ, ಎರಡನೆಯ ಭಾಷೆಗೆ ಫ್ರೆಂಚ್, ಸ್ಪ್ಯಾನಿಶ್ ಇದೆ ಸರ್, ಅಂದರು. ಯಾವ ಕನ್ನಡ ಪೋಷಕರೂ ಇದುವರೆಗೆ ಕೇಳಿಲ್ಲವಂತೆ. 2020ರಲ್ಲಿ ಮಹಾರಾಷ್ಟ್ರ ಎಲ್ಲ ಬೋರ್ಡುಗಳ ಶಾಲೆಗಳಲ್ಲೂ ಮರಾಠಿ ಕಡ್ಡಾಯ ಮಾಡುವ ಕಾನೂನು ತಂದಾಗ ನಮ್ಮ ಗುಂಪಿನಲ್ಲಿ ದೊಡ್ಡ ಗೊಣಗಾಟವಾಗಿತ್ತು. ಇರುವ ಊರಿನ ಭಾಷೆ ಕಲಿಯುವುದು ಹೊರೆ, ಪ್ಯಾರಿಸ್ಸಿನ ಭಾಷೆ ಕಲಿಯುವುದು ಎಕ್ಸ್‌ಪೋಷರ್.

ಹಿಂದಿನ ತಲೆಮಾರಿನ ವಲಸಿಗರು ಈ ಪ್ರಶ್ನೆಯನ್ನು ಬೇರೆ ರೀತಿ ಬಿಡಿಸಿಕೊಂಡಿದ್ದರು. ಮುಂಬೈಯ ಹೋಟೆಲುಗಳಲ್ಲಿ ಹಗಲೆಲ್ಲ ಲೋಟ ತೊಳೆದ ಹುಡುಗರು ರಾತ್ರಿ ಕನ್ನಡ ಶಾಲೆಗೆ ಹೋಗಿ ಮೆಟ್ರಿಕ್ ಮಾಡಿದರು. ಆ ರಾತ್ರಿ ಶಾಲೆಗಳನ್ನು ನಡೆಸಿದ್ದು ಅವರಂತೆಯೇ ಬಂದು ಸ್ವಲ್ಪ ನೆಲೆ ಕಂಡವರು. ತನ್ನ ಮಗುವಿಗೆ ಎಲ್ಲಿ ಸೀಟು ಎಂಬುದಕ್ಕಿಂತ ನಮ್ಮ ಕಡೆಯ ಹುಡುಗರಿಗೆ ಒಂದು ಶಾಲೆ ಬೇಕು ಎಂಬುದು ಅವರ ಚಿಂತೆ. ಮುಂಬೈ ಪಾಲಿಕೆ ಇವತ್ತಿಗೂ ಕನ್ನಡವೂ ಸೇರಿ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಮಕ್ಕಳು ಕಡಿಮೆಯಾಗುತ್ತಿದ್ದಾರೆ. ಅದೇ ಪಾಲಿಕೆ 2022ರಲ್ಲಿ, ನಮ್ಮ ಮೈಸೂರು ಅಸೋಸಿಯೇಷನ್ ಇರುವ ಅದೇ ಮಾಟುಂಗದಲ್ಲಿ, ಕೇಂಬ್ರಿಜ್ ಪಠ್ಯದ ಶಾಲೆ ತೆರೆಯಿತು. ವಿಲೆ ಪಾರ್ಲೆಯಲ್ಲಿ ಐಬಿಯದು. ಫೀ ಇಲ್ಲ. ಇದನ್ನು ನೋಡಿದ ಮೇಲೆ, ಯಾಕೆ ಎಂದು ಕೇಳುವ ಓದಿಗೆ ಲಕ್ಷಗಟ್ಟಲೆ ಬೇಕೇ ಬೇಕು ಎಂಬ ಮಾತನ್ನು ನಾನು ನಂಬುವುದಿಲ್ಲ. ಆ ಓದಿಗೆ ತರಬೇತಿ ಪಡೆದ ಶಿಕ್ಷಕರು ಬೇಕು. ಉಳಿದ ಹಣದಲ್ಲಿ ಹೆಚ್ಚಿನದು ಯಾರು ಒಳಗೆ ಬರಬಾರದು ಎಂಬುದರ ಬೆಲೆ.

ಮನೆಯಲ್ಲಿ ಈಗ ಉಳಿದಿರುವುದು ಎರಡು ಅರ್ಜಿ. ಒಂದು ಈಗಿನ ಸಿಬಿಎಸ್‌ಇ ಶಾಲೆಯಲ್ಲೇ ಮುಂದುವರಿಯುವುದು. ಇನ್ನೊಂದು ಆ ಪ್ರಿನ್ಸಿಪಾಲರ ಶಾಲೆ, ಐಜಿಸಿಎಸ್‌ಇ, ಮಿಕ್ಕವುಗಳಿಗಿಂತ ಫೀ ಕಡಿಮೆ, ಕಟ್ಟಡ ಹಳೆಯದು. ಹನ್ನೊಂದಕ್ಕೆ ಆ ನಾಲ್ವರ ಹಣದ ವಿಷಯ ಏನು ಮಾಡಬಹುದು ಎಂದು ಕೇಳಿ ನಾನು ಅವರಿಗೆ ಮೇಲ್ ಬರೆದಿದ್ದೇನೆ, ಮಗಳನ್ನು ಅಲ್ಲಿ ಸೇರಿಸಿದರೂ ಸೇರಿಸದಿದ್ದರೂ. ಉತ್ತರ ಮಾರನೆಯ ದಿನವೇ ಬಂತು, ಪಟ್ಟಿ ಸಮೇತ. ನನ್ನ ಹೆಂಡತಿ ಅದನ್ನು ಓದಿ, ಕನ್ನಡದ ವಿನಂತಿಯ ಬಗ್ಗೆಯೂ ಅವರನ್ನೇ ಮತ್ತೊಮ್ಮೆ ಕೇಳಿ ಅಂದಳು. ಶಾಲೆ ಮನೆಯಿಂದ 23 ಕಿಲೋಮೀಟರ್. ಬೆಳಿಗ್ಗೆ ಆರೂ ಹತ್ತಕ್ಕೆ ಬಸ್ಸು, ಮಗಳು ಏಳುವುದು ಏಳಕ್ಕೆ. ಸದ್ಯ ಮನೆಯಲ್ಲಿ ಚರ್ಚೆ ನಡೆದಿರುವುದು ಅದರ ಮೇಲೆ.